ಹೊಸ ಮನೆಗೆ ಬಂದ ಮೇಲೆ ಬೆಕ್ಕು, ನಾಯಿ ಸರಿಯಿಲ್ಲವೇ? ದೋಷ ಹುಡುಕುವ ಬಗೆ

ಮನೆ ಬದಲಿಸಿದ ನಾಲ್ಕನೇ ದಿನ ನಮ್ಮ ನಾಯಿ ಅಡುಗೆಮನೆಗೆ ಕಾಲಿಡುವುದನ್ನೇ ನಿಲ್ಲಿಸಿತು. ಹೊಸ್ತಿಲವರೆಗೆ ಬರುತ್ತಿತ್ತು, ಕಿವಿ ಹಿಂದಕ್ಕೆ ಮಡಚಿ, ತುಟಿ ನೆಕ್ಕಿಕೊಂಡು, ಹಾಗೇ ತಿರುಗಿ ಹೋಗುತ್ತಿತ್ತು. ಅದರ ಊಟದ ಬಟ್ಟಲು ಇದ್ದದ್ದು ಅಲ್ಲೇ ಒಳಗೆ. ‘ಹೊಸ ಮನೆ ಅಲ್ವಾ, ಹೊಂದಿಕೊಳ್ಳುತ್ತೆ ಬಿಡಿ’ ಎಂದರು ಬಂದವರೆಲ್ಲ. ನಾವೂ ಬಿಟ್ಟೆವು. ಹತ್ತು ದಿನ ಕಳೆದ ಮೇಲೆ ಫ್ರಿಜ್ ಸರಿಸಿ ಗುಡಿಸುವಾಗ ಅದರ ಹಿಂದಿನ ಸಾಕೆಟ್‌ನಲ್ಲಿ ಒಂದು ಪುಟ್ಟ ಬಿಳಿ ಡಬ್ಬಿ ಕಂಡಿತು. ಮೊದಲು ಆ ಮನೆಯಲ್ಲಿದ್ದವರು ಬಿಟ್ಟುಹೋದ, ಇಲಿ ಓಡಿಸುವ ಅಲ್ಟ್ರಾಸಾನಿಕ್ ಯಂತ್ರ. ಫ್ರಿಜ್‌ಗೂ ಅದಕ್ಕೂ ಒಂದೇ ಸ್ವಿಚ್ಚು. ನಾವು ಫ್ರಿಜ್ ಜೋಡಿಸಿ ಆ ಸ್ವಿಚ್ಚು ಹಾಕಿದ್ದು ನಾಲ್ಕನೇ ದಿನ!

ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು. ನಾಯಿಗೆ ಸುಮಾರು 45, ಬೆಕ್ಕಿಗೆ 60ನ್ನೂ ದಾಟಿ ಕೇಳುತ್ತದೆ. ನಮಗೆ ನಿಶ್ಶಬ್ದವಾಗಿದ್ದ ಅಡುಗೆಮನೆಯಲ್ಲಿ ಅದಕ್ಕೆ ಹಗಲಿರುಳೂ ಯಾರೋ ಸೀಟಿ ಊದುತ್ತಿದ್ದರು. ಯಂತ್ರ ಕಿತ್ತ ಎರಡನೇ ದಿನ ಅದು ತಾನಾಗಿಯೇ ಒಳಗೆ ಬಂದು ಬಟ್ಟಲು ಮೂಸಿತು.

ಅಂದಿನಿಂದ ‘ಹೊಂದಿಕೊಂಡಿಲ್ಲ’ ಎಂಬ ಮಾತನ್ನು ನಾನು ಉತ್ತರವೆಂದು ಒಪ್ಪುವುದಿಲ್ಲ. ಅದು ರೋಗದ ಹೆಸರಲ್ಲ, ಕಾಯುವುದಕ್ಕೆ ನಾವಿಟ್ಟುಕೊಂಡ ಹೆಸರು. ಪ್ರಾಣಿಗೆ ‘ಮನೆ’ ಎಂಬ ಒಟ್ಟು ವಸ್ತು ಬದಲಾಗಿರುವುದಿಲ್ಲ. ವಾಸನೆ, ಸದ್ದು, ನೆಲ, ನೀರು, ಉಚ್ಚೆಯ ಜಾಗ, ನೀವು ಮನೆಯಲ್ಲಿರುವ ಹೊತ್ತು, ಇವು ಒಂದೊಂದಾಗಿ ಬದಲಾಗಿರುತ್ತವೆ. ಅದರಲ್ಲಿ ಯಾವುದು ಚುಚ್ಚುತ್ತಿದೆ ಎಂದು ಹುಡುಕುವುದಷ್ಟೇ ಕೆಲಸ.

ಮೊದಲು ಕಾಯಿಲೆಯನ್ನು ತಳ್ಳಿಹಾಕಿ

ಇದನ್ನು ಮುಂದೆ ಹಾಕಲು ಕಾರಣವಿದೆ. ಸ್ಥಳ ಬದಲಾವಣೆಯ ಒತ್ತಡ ಮತ್ತು ನಿಜವಾದ ಕಾಯಿಲೆ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಚರಿ ಏರುಪೇರಾದ ವಾರಗಳಲ್ಲಿ ಪೂರ್ತಿ ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ಟ್ರೇಯ (ಮಲಮೂತ್ರಕ್ಕೆಂದು ಮರಳು ತುಂಬಿಟ್ಟ ತಟ್ಟೆ) ಹೊರಗೆ ಹೊಲಸು ಮಾಡಿದವು. ಅಂದರೆ ಲಕ್ಷಣ ನೋಡಿ ‘ಇದು ಬರೀ ಒತ್ತಡ’ ಎಂದು ಹೇಳಲು ಬರುವುದಿಲ್ಲ. ಈ ಕೆಳಗಿನವು ಕಂಡರೆ ಮುಂದೆ ಓದಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ:

- ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು ಮುಕ್ಕರಿಯುತ್ತದೆ, ಹನಿಯೂ ಬರುತ್ತಿಲ್ಲ. ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲೇ ಪ್ರಾಣ ಹೋಗುವಂಥದ್ದು. ಮಲಬದ್ಧತೆ ಎಂದುಕೊಂಡು ರಾತ್ರಿ ಕಳೆಯಬೇಡಿ.
- ಬೆಕ್ಕು ಇಡೀ ಒಂದು ದಿನ ಏನೂ ಮುಟ್ಟಿಲ್ಲ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳತೊಡಗುತ್ತದೆ. ‘ಹಸಿದರೆ ತಾನೇ ತಿನ್ನುತ್ತೆ’ ಎನ್ನುವ ಲೆಕ್ಕ ಬೆಕ್ಕಿನ ಮಟ್ಟಿಗೆ ತಪ್ಪು.
- ಮೊಲ 10-12 ಗಂಟೆಯಿಂದ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ. ಅದರ ಕರುಳು ನಿಂತರೆ ಮತ್ತೆ ಚಾಲೂ ಮಾಡುವುದು ಕಷ್ಟ.
- ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದೆ.
- ಬಂದು ಕೆಲವು ದಿನಗಳ ಮೇಲೆ ವಸಡು ಬಿಳಿಚಿಕೊಂಡಿದೆ, ಮೈಮೇಲೆ ಕಾರಣವಿಲ್ಲದೆ ರಕ್ತ ಕಟ್ಟಿದ ಕಲೆ, ಮೂಗಲ್ಲಿ ರಕ್ತ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಇದ್ದವರು ಮೂಲೆಯಲ್ಲಿ, ಸಿಂಕಿನ ಕೆಳಗೆ, ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದು ನಿಮಗೆ ಗೊತ್ತಾಗುವುದಿಲ್ಲ, ನಾಯಿಗೆ ಮೊದಲ ದಿನವೇ ಗೊತ್ತಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣ ತಿಂದ ಪ್ರಾಣಿ ಮೂರರಿಂದ ಐದು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಆಮೇಲೆ ಮಂಕಾದಾಗ ಎಲ್ಲರೂ ‘ಹಳೇ ಮನೆ ನೆನಪು’ ಎನ್ನುತ್ತಾರೆ. ಸಾಮಾನು ಇಳಿಸುವ ಮೊದಲು, ಪ್ರಾಣಿ ಒಳಗೆ ಬರುವ ಮೊದಲು, ಮಂಡಿಯೂರಿ ಟಾರ್ಚ್ ಹಿಡಿದು ಇಡೀ ಮನೆ ನೋಡಿ. ಕಪಾಟಿನಲ್ಲಿ ನುಸಿಗುಳಿಗೆ ಸಿಕ್ಕರೂ ತೆಗೆಯಿರಿ.

ಒಂದು ನೋಟ್‌ಬುಕ್, ಒಂದು ಸಲಕ್ಕೆ ಒಂದೇ ಬದಲಾವಣೆ

ಏನಾಯಿತು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಅದಕ್ಕೆ ಐದು ನಿಮಿಷ ಮೊದಲು ಮನೆಯಲ್ಲಿ ಏನು ನಡೆಯುತ್ತಿತ್ತು. ಇಷ್ಟು ಬರೆಯಿರಿ. ಕೊನೆಯ ಅಂಕಣವೇ ಮುಖ್ಯ. ನಾನು ಬರೆದಿಟ್ಟಿದ್ದರೆ ‘ನಾಲ್ಕನೇ ದಿನ, ಫ್ರಿಜ್’ ಎಂಬುದು ಹತ್ತು ದಿನ ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವವರೇ ಹೆಚ್ಚು: ಊಟ ಬೇರೆ, ಹಾಸಿಗೆ ಹೊಸದು, ಟ್ರೇ ಹೊಸದು, ಜೊತೆಗೊಂದು ಶಾಂತಿಯ ಔಷಧ. ಸರಿಹೋದರೆ ಯಾವುದರಿಂದ ಹೋಯಿತು ಗೊತ್ತಿಲ್ಲ, ಕೆಟ್ಟರೆ ಯಾವುದರಿಂದ ಕೆಟ್ಟಿತು ಗೊತ್ತಿಲ್ಲ. ಒಂದನ್ನು ಬದಲಿಸಿ ಎರಡು ಮೂರು ದಿನ ನೋಡಿ. ಊಟವನ್ನಂತೂ ಮೊದಲ ಎರಡು ವಾರ ಮುಟ್ಟಲೇಬೇಡಿ.

ಬೆಕ್ಕು ಅಡಗಿ ಕೂತಿದೆ, ಹೊರಗೆ ಬರುತ್ತಿಲ್ಲ

ಅಡಗುವುದು ದೋಷವಲ್ಲ, ಅದು ಬೆಕ್ಕು ತನಗೆ ತಾನೇ ಮಾಡಿಕೊಳ್ಳುವ ಚಿಕಿತ್ಸೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಮೊದಲ ದಿನಗಳಲ್ಲೇ ಬೇಗ ಸುಧಾರಿಸಿಕೊಂಡವು. 2014ರ ಈ ಅಧ್ಯಯನ ಹೇಳಿದ್ದು ಸಾಮಾನು ಸಾಗಿಸಿದ ಪ್ರತಿ ಮನೆಯಲ್ಲೂ ಬೇಕಾದಷ್ಟು ಬಿದ್ದಿರುವ ರಟ್ಟಿನ ಡಬ್ಬಿಯ ವಿಷಯ. ಎಲ್ಲವನ್ನೂ ಮೊದಲ ದಿನವೇ ಮಡಚಿ ಹೊರಗೆ ಹಾಕಬೇಡಿ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಯಾಕೆ ಅಡಗಿದೆ’ ಅಲ್ಲ, ‘ನಾವು ಮಲಗಿದ ಮೇಲೆ ಹೊರಗೆ ಬರುತ್ತಿದೆಯೇ’ ಎಂಬುದು. ರಾತ್ರಿ ಊಟ ತೂಗಿ ಇಡಿ, ಬೆಳಿಗ್ಗೆ ಮತ್ತೆ ತೂಗಿ. ಟ್ರೇಯ ಮರಳನ್ನು ಕೈಯಲ್ಲಿ ಸಮ ಮಾಡಿ ಮಲಗಿ. ಬೆಳಿಗ್ಗೆ ಊಟ ಇಳಿದಿದ್ದು ಮರಳಿನಲ್ಲಿ ಗುಂಡಿ ತೋಡಿದ ಗುರುತಿದ್ದರೆ ಬೆಕ್ಕು ಚೆನ್ನಾಗಿದೆ, ನಿಮ್ಮೊಬ್ಬರ ಮೇಲೆ ಮಾತ್ರ ಅದಕ್ಕೆ ಇನ್ನೂ ನಂಬಿಕೆ ಬಂದಿಲ್ಲ. ಎರಡೂ ಹಾಗೇ ಇದ್ದರೆ ಮೇಲಿನ ಪಟ್ಟಿಗೆ ಹೋಗಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎರಡು. ಇಡೀ ಮನೆಯನ್ನು ಒಂದೇ ಸಲ ಬಿಟ್ಟುಕೊಡುವುದು ಮೊದಲನೆಯದು. ನಮಗೆ ಅದು ಉದಾರತನ, ಬೆಕ್ಕಿಗೆ ಕಾವಲು ಕಾಯಲಾಗದಷ್ಟು ದೊಡ್ಡ ಗಡಿ. ಒಂದು ಕೋಣೆ ಸಾಕು. ಟ್ರೇ, ಅದರಿಂದ ದೂರದ ಮೂಲೆಯಲ್ಲಿ ಊಟ ನೀರು, ಒಂದು ಡಬ್ಬಿ, ಒಂದು ಎತ್ತರದ ಜಾಗ, ಹಳೇ ಮನೆಯಲ್ಲಿ ಅದು ಮಲಗುತ್ತಿದ್ದ ಒಗೆಯದ ಹೊದಿಕೆ. ಆ ಕೋಣೆಯಲ್ಲಿ ಬಾಲ ಎತ್ತಿ ಓಡಾಡತೊಡಗಿದ ಮೇಲೆ ಬಾಗಿಲು ತೆರೆಯಿರಿ. ಕಾಲು ಹಿಡಿದು ಎಳೆದು ತೆಗೆದು ‘ನೋಡು, ಏನೂ ಇಲ್ಲ’ ಎಂದು ತೋರಿಸುವುದು ಎರಡನೆಯದು. ಹಾಗೆ ಮಾಡಿದರೆ ಅದರ ಭಯ ನಿಜವೆಂದು ನೀವೇ ರುಜುವಾತು ಮಾಡಿದ ಹಾಗೆ.

ಒಂದು ಚಿಕ್ಕ ಉಪಾಯ ನನಗೆ ಪ್ರತಿ ಸಲ ಕೆಲಸಕ್ಕೆ ಬಂದಿದೆ. ಬೆಕ್ಕು ಕೆನ್ನೆ ಉಜ್ಜುವುದು ಪ್ರೀತಿಗೆ ಮಾತ್ರ ಅಲ್ಲ. ಅಲ್ಲಿರುವ ಗ್ರಂಥಿಗಳಿಂದ ‘ಇದು ನನ್ನದು’ ಎಂಬ ವಾಸನೆ ಹಚ್ಚುತ್ತದೆ. ಶುಭ್ರವಾದ ಹತ್ತಿಬಟ್ಟೆಯಿಂದ ಅದರ ಕೆನ್ನೆ, ಗಲ್ಲ ಮೆಲ್ಲಗೆ ಸವರಿ, ಅದೇ ಬಟ್ಟೆಯನ್ನು ಬಾಗಿಲ ಚೌಕಟ್ಟು, ಮಂಚದ ಕಾಲು, ಸೋಫಾದ ಮೂಲೆಗೆ ಬೆಕ್ಕಿನ ಎತ್ತರದಲ್ಲಿ ಉಜ್ಜಿ. ಮೂರು ನಾಲ್ಕು ದಿನ ಮಾಡಿ. ಅದು ಬಂದು ಮೂಸಿ, ಅದೇ ಜಾಗಕ್ಕೆ ತಾನೇ ಕೆನ್ನೆ ಉಜ್ಜಿದರೆ ಅರ್ಧ ಕೆಲಸ ಆಯಿತು. ಇದನ್ನೇ ಕೃತಕವಾಗಿ ತಯಾರಿಸಿ ಪ್ಲಗ್‌ಗೆ ಹಾಕುವ ಡಬ್ಬಿಗಳೂ ಇವೆ. ಅವುಗಳ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ. ನಾನಂತೂ ಬಟ್ಟೆಯ ದಾರಿಯನ್ನೇ ಮೊದಲು ನೋಡುತ್ತೇನೆ.

ಎಲ್ಲೆಂದರಲ್ಲಿ ಉಚ್ಚೆ

ಒರೆಸುವ ಮೊದಲು ಒಂದು ನಿಮಿಷ ನಿಂತು ನೋಡಿ. ಕೋಪ ಬಂದಿರುತ್ತದೆ, ಗೊತ್ತು. ಗೋಡೆ, ಪರದೆ, ಬಾಗಿಲಿನ ಮೇಲೆ ಸ್ವಲ್ಪವೇ, ಮೇಲಿನಿಂದ ಕೆಳಗೆ ಇಳಿದ ಗುರುತಿದೆಯೇ? ಬೆಕ್ಕು ಬಾಲ ಎತ್ತಿ ನಡುಗಿಸುತ್ತಾ ನಿಂತೇ ಚಿಮುಕಿಸಿದ್ದು. ಅದು ಗಡಿ ಗುರುತು. ನೆಲದ ಮೇಲೆ, ಹಾಸಿಗೆಯ ಮೇಲೆ ಕೊಚ್ಚೆಯಷ್ಟಿದ್ದರೆ ಅದು ಕೂತು ಹೊಯ್ದದ್ದು, ಟ್ರೇ ಅದಕ್ಕೆ ಹಿಡಿಸುತ್ತಿಲ್ಲ. ಅಲ್ಲಲ್ಲಿ ಹನಿಹನಿಯಾಗಿ, ಕೆಂಪು ಛಾಯೆಯಿದ್ದರೆ ಮೂತ್ರಕೋಶದ ಉರಿಯೂತವಿರಬಹುದು, ವೈದ್ಯರ ಕೆಲಸ. ಮೂರಕ್ಕೂ ಮದ್ದು ಬೇರೆ ಬೇರೆ.

ಗಡಿ ಗುರುತಾದರೆ ಕಿಟಕಿ ನೋಡಿ. ಹೊರಗೆ ಬೇರೆ ಬೆಕ್ಕು ಬಂದು ಕೂರುತ್ತಿರಬಹುದು. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಇಲ್ಲವೇ ಹಿಂದಿನವರ ಪ್ರಾಣಿ ಅದೇ ಜಾಗದಲ್ಲಿ ಹೊಯ್ದಿರಬಹುದು. ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಹಳೇ ಉಚ್ಚೆಯ ಕಲೆ ಹೊಳೆಯುತ್ತದೆ.

ಟ್ರೇ ಹಿಡಿಸದಿದ್ದರೆ ಅದರ ಜಾಗವನ್ನೇ ಮೊದಲು ಶಂಕಿಸಿ. ನಾವು ಮೂರನೇ ಸಲ ಮನೆ ಬದಲಿಸಿದಾಗ ಟ್ರೇಯನ್ನು ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದ್ದೆವು, ಅದೊಂದೇ ಮೂಲೆ ಖಾಲಿ ಇತ್ತು. ಒಂದು ವಾರ ಎಲ್ಲ ಸರಿಯಿತ್ತು. ಆಮೇಲೊಂದು ಬೆಳಿಗ್ಗೆ ನಾನು ಅಲ್ಲೇ ನಿಂತಿದ್ದೆ. ಬೆಕ್ಕು ಒಳಗೆ ಹೋಗಿ, ಕೆರೆದು, ಸರಿಯಾಗಿ ಕೂತು, ಕಣ್ಣು ಅರೆ ಮುಚ್ಚಿದ ಕ್ಷಣದಲ್ಲಿ ಮೆಷಿನ್ನು ಬಟ್ಟೆ ಹಿಂಡುವ ಸುತ್ತಿಗೆ ಬಂತು. ನೆಲವೇ ನಡುಗಿತು. ಬೆಕ್ಕು ಮರಳನ್ನೆಲ್ಲ ಚೆಲ್ಲಿ, ಅರ್ಧದಲ್ಲೇ ಹಾರಿ ಓಡಿತು. ಅಂದಿನಿಂದ ಅದರ ಆಯ್ಕೆ ಮಗನ ಶಾಲೆಯ ಬ್ಯಾಗು. ಟ್ರೇಯನ್ನು ಸದ್ದಿಲ್ಲದ ಮಲಗುವ ಕೋಣೆಗೆ ಒಯ್ದ ಮೇಲೆ ಬ್ಯಾಗು ಉಳಿಯಿತು, ಮಲಗುವವರು ಮೂಗು ಮುಚ್ಚಿಕೊಂಡರು.

ಜಾಗ ಸರಿಯಿದ್ದೂ ಬಳಸದಿದ್ದರೆ ಸಂಖ್ಯೆ ನೋಡಿ. ಬೆಕ್ಕುಗಳೆಷ್ಟೋ ಅದಕ್ಕೊಂದು ಹೆಚ್ಚು ಟ್ರೇ, ಅದೂ ಬೇರೆ ಬೇರೆ ಜಾಗದಲ್ಲಿ. ಸಾಲಾಗಿ ಇಟ್ಟ ಮೂರು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಮುಚ್ಚಳವಿದ್ದರೆ ತೆಗೆದು ನೋಡಿ. ಹೊಸ ಮನೆಗೆಂದು ಹೊಸ ಟ್ರೇ ತಂದಿದ್ದರೆ ಹಳೆಯದನ್ನು ಮತ್ತೆ ಇಡಿ, ಹಳೇ ಮರಳಿನ ಒಂದು ಹಿಡಿ ಬೆರೆಸಿ.

ನಾಯಿ ಒಳಗೆ ಹೊಯ್ದರೆ ಪತ್ತೆ ಸುಲಭ. ಅದಕ್ಕೆ ಹೊಸ ಮನೆಯ ‘ಹೊರಗೆ’ ಯಾವುದು ಎಂದೇ ಗೊತ್ತಿಲ್ಲ. ದೊಡ್ಡ ನಾಯಿಯನ್ನೂ ಒಂದು ವಾರ ಮರಿಯ ಹಾಗೆ ನಡೆಸಿಕೊಳ್ಳಿ. ಎದ್ದ ಕೂಡಲೇ, ಉಂಡ ಕೂಡಲೇ, ಮಲಗುವ ಮೊದಲು ಒಂದೇ ದಾರಿಯಲ್ಲಿ, ಒಂದೇ ಜಾಗಕ್ಕೆ ಒಯ್ಯಿರಿ.

ಒರೆಸುವಾಗ ಎರಡು ಎಚ್ಚರ. ಅಮೋನಿಯಾ ಇರುವ ದ್ರಾವಣ ಬೇಡ, ಅದರ ಘಾಟೇ ಉಚ್ಚೆಯ ನೆನಪು ತರುತ್ತದೆ. ಬೆಕ್ಕಿರುವ ಮನೆಯಲ್ಲಿ ಫಿನಾಲ್ ಇರುವ ಫಿನೈಲ್ ಕೂಡ ಬೇಡ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ, ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡೇ ವಿಷವಾಗುತ್ತದೆ. ಕಿಣ್ವ ಇರುವ, ಸಾಕುಪ್ರಾಣಿಗಳ ಕಲೆಗೆಂದೇ ಮಾಡಿದ ದ್ರಾವಣ ತನ್ನಿ, ಹಾಕಿದ ತಕ್ಷಣ ಒರೆಸದೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ.

ಒಂಟಿ ಬಿಟ್ಟರೆ ನಾಯಿ ಊಳಿಡುತ್ತದೆ, ಬಾಗಿಲು ಪರಚುತ್ತದೆ

ಪಕ್ಕದ ಮನೆಯವರ ದೂರಿನಿಂದ ಪತ್ತೆ ಮಾಡಲು ಹೊರಡಬೇಡಿ, ಅವರು ಹೇಳುವುದು ‘ದಿನವಿಡೀ’ ಎಂದೇ. ಹಳೇ ಫೋನನ್ನು ಕಪಾಟಿನ ಮೇಲಿಟ್ಟು ವೀಡಿಯೊ ಚಾಲೂ ಮಾಡಿ ಒಂದು ಗಂಟೆ ಹೊರಗೆ ಹೋಗಿಬನ್ನಿ. ಆಮೇಲೆ ನೋಡಬೇಕಾದದ್ದು ಸದ್ದು ಶುರುವಾದ ಹೊತ್ತು.

ನೀವು ಬಾಗಿಲು ಹಾಕಿದ ಕೆಲವೇ ನಿಮಿಷಕ್ಕೆ ಶುರುವಾಗಿ, ಬಾಗಿಲ ಹತ್ತಿರವೇ ಸುತ್ತಾಡಿ, ಜೊಲ್ಲು ಸುರಿಸಿ, ಇಟ್ಟ ತಿಂಡಿಯನ್ನು ಮೂಸಿಯೂ ನೋಡದಿದ್ದರೆ ಅದು ಅಗಲಿಕೆಯ ಭಯ. ಅರ್ಧ ಗಂಟೆ ಸುಮ್ಮನೆ ಮಲಗಿದ್ದು, ಲಿಫ್ಟಿನ ಗಂಟೆಗೋ ಮೆಟ್ಟಿಲ ಮೇಲಿನ ಹೆಜ್ಜೆ ಸದ್ದಿಗೋ ಎದ್ದು ಬೊಗಳಿದರೆ ಅದು ಹೊಸ ಸದ್ದಿನ ತಕರಾರು. ತಿಂಡಿ ತಿಂದು, ನಿದ್ದೆ ಮಾಡಿ, ಆಮೇಲೆ ಎದ್ದು ನಿಧಾನವಾಗಿ ಚಪ್ಪಲಿ ಅಗಿಯಲು ಕೂತರೆ ಬೇಸರ, ಅಷ್ಟೇ.

ಬೇಸರಕ್ಕೆ ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ನಡಿಗೆ, ಮೂಸಿ ಹುಡುಕಿ ತಿನ್ನುವಂತೆ ಅಡಗಿಸಿಟ್ಟ ಊಟ. ಸದ್ದಿಗಾದರೆ ಮಲಗುವ ಜಾಗವನ್ನು ಮುಂಬಾಗಿಲಿನಿಂದ ಒಳಗಿನ ಕೋಣೆಗೆ ಸರಿಸಿ, ಫ್ಯಾನೋ ರೇಡಿಯೊವೋ ಹಚ್ಚಿಟ್ಟು ಹೋಗಿ. ಅಗಲಿಕೆಯ ಭಯ ಮಾತ್ರ ತಾಳ್ಮೆ ಕೇಳುತ್ತದೆ. ಬೀಗದ ಕೈ ಎತ್ತಿಕೊಂಡು ಎಲ್ಲೂ ಹೋಗದೆ ಕೂತುಬಿಡಿ. ಬಾಗಿಲಾಚೆ ಹೋಗಿ ಹತ್ತು ಸೆಕೆಂಡಿಗೆ ಬನ್ನಿ. ಆಮೇಲೆ ಮೂವತ್ತು ಸೆಕೆಂಡು, ಎರಡು ನಿಮಿಷ. ನಾಯಿ ಹೆದರುವ ಮೊದಲೇ ಮರಳುವುದರಲ್ಲಿ ಗುಟ್ಟಿದೆ. ಅಳುವವರೆಗೆ ಕಾದು ಬಂದರೆ ಆ ದಿನದ ಪಾಠ ವ್ಯರ್ಥ. ಈ ದಿನಗಳಲ್ಲಿ ಉದ್ದಕ್ಕೆ ಹೊರಗೆ ಹೋಗಲೇಬೇಕಿದ್ದರೆ ಯಾರನ್ನಾದರೂ ಮನೆಯಲ್ಲಿ ಕೂರಿಸಿ. ಪಂಜರದೊಳಗೆ ಕೂಡಿಹಾಕುವುದು ಈ ಭಯಕ್ಕೆ ಮದ್ದಲ್ಲ, ಸರಳು ಕಚ್ಚಿ ಹಲ್ಲು ಮುರಿದುಕೊಂಡ ನಾಯಿಗಳಿವೆ. ಬೈಯುವುದಂತೂ ಬೇಡವೇ ಬೇಡ. ಮರಳಿ ಬಂದಾಗ ಅದು ‘ತಪ್ಪು ಮಾಡಿದ ಮುಖ’ ಮಾಡುತ್ತದೆ ಎನ್ನುತ್ತೀರಲ್ಲ, ಅದು ನಿಮ್ಮ ಮುಖ ನೋಡಿ ಮಾಡಿದ ಮುಖ.

ವಯಸ್ಸಾದ ನಾಯಿ ರಾತ್ರಿ ಓಡಾಡುತ್ತದೆ, ಗೋಡೆಗೆ ತಾಗುತ್ತದೆ

ಹೊಸ ಮನೆ ಕೆಲವೊಮ್ಮೆ ಕಾಯಿಲೆ ತರುವುದಿಲ್ಲ, ಮೊದಲೇ ಇದ್ದದ್ದನ್ನು ಬಯಲು ಮಾಡುತ್ತದೆ. ದೃಷ್ಟಿ ನಿಧಾನವಾಗಿ ಹೋಗುತ್ತಿರುವ ನಾಯಿಗೆ ಹಳೇ ಮನೆಯ ನಕ್ಷೆ ಬಾಯಿಪಾಠವಾಗಿತ್ತು. ಸೋಫಾ ಎಲ್ಲಿ, ಮೆಟ್ಟಿಲೆಷ್ಟು ಎಂದು ಕಣ್ಣಿಲ್ಲದೆಯೂ ಗೊತ್ತಿತ್ತು. ಇಲ್ಲಿ ಆ ನಕ್ಷೆ ನಡೆಯುವುದಿಲ್ಲ. ಪರೀಕ್ಷೆ ಸುಲಭ: ಅದರ ಮುಂದೆ ಹತ್ತಿಯ ಉಂಡೆಯೊಂದನ್ನು ಎತ್ತರದಿಂದ ಬಿಡಿ. ಹತ್ತಿಗೆ ಸದ್ದೂ ಇಲ್ಲ, ಗಾಳಿಯೂ ಬೀಸುವುದಿಲ್ಲ. ಕಣ್ಣು ಅದರ ಹಿಂದೆ ಹೋಗದಿದ್ದರೆ, ಎರಡು ಮೂರು ಸಲ ಮಾಡಿಯೂ ಹೋಗದಿದ್ದರೆ, ವೈದ್ಯರಿಗೆ ತೋರಿಸಿ. ಮಂದ ಬೆಳಕಿನಲ್ಲಿ ಒಮ್ಮೆ ಮಾಡಿ, ರಾತ್ರಿಗುರುಡು ಅಲ್ಲೇ ಮೊದಲು ಕಾಣುವುದು.

ಕಣ್ಣು ಸರಿಯಿದ್ದು ನಡೆಯಲು ಹಿಂಜರಿದರೆ ನೆಲ ನೋಡಿ. ನುಣುಪಾದ ಟೈಲ್ಸ್ ಮೇಲೆ ಹಿಂಗಾಲು ಎರಡೂ ಕಡೆಗೆ ಜಾರುತ್ತವೆ, ಒಮ್ಮೆ ಬಿದ್ದ ನಾಯಿ ಆ ಕೋಣೆಯನ್ನೇ ಬಿಡುತ್ತದೆ. ಬಟ್ಟಲಿನಿಂದ ಹಾಸಿಗೆಯವರೆಗೆ, ಹಾಸಿಗೆಯಿಂದ ಬಾಗಿಲವರೆಗೆ ಜಾರದ ಚಾಪೆಯ ದಾರಿ ಹಾಸಿ. ಅಂಗಾಲಿನ ನಡುವೆ ಬೆಳೆದ ಕೂದಲು ಕತ್ತರಿಸಿ. ಅಂದೇ ವ್ಯತ್ಯಾಸ ಕಂಡರೆ ದೋಷ ಸಿಕ್ಕಿತು.

ಜೊತೆಗಿದ್ದ ಎರಡು ಬೆಕ್ಕುಗಳ ನಡುವೆ ಜಗಳ

ಒಂದು ಮೊದಲು ಬಂದು, ಇನ್ನೊಂದು ವೈದ್ಯರಲ್ಲಿಗೋ ಬೇರೆಯವರ ಮನೆಗೋ ಹೋಗಿ ಆಮೇಲೆ ಬಂದಿತೇ? ಹಾಗಿದ್ದರೆ ಅದರ ಮೈವಾಸನೆ ಬದಲಾಗಿದೆ, ಗುರುತೇ ಸಿಗುತ್ತಿಲ್ಲ. ಬೇರೆ ಕೋಣೆಗಳಲ್ಲಿಟ್ಟು, ಒಂದರ ಹೊದಿಕೆ ಇನ್ನೊಂದಕ್ಕೆ ಕೊಟ್ಟು, ಮುಚ್ಚಿದ ಬಾಗಿಲ ಎರಡು ಬದಿ ಊಟ ಹಾಕಿ. ‘ಕಚ್ಚಾಡಿ ಸರಿಹೋಗಲಿ’ ಎಂದು ಬಿಟ್ಟರೆ ಸರಿಹೋಗುವುದಿಲ್ಲ.

ತಪ್ಪಿಸಿಕೊಂಡು ಹೋದರೆ

ಮನೆಯೊಳಗೇ ಬೆಳೆದ ಬೆಕ್ಕು ಹೆಚ್ಚಿನ ಪಾಲು ಹತ್ತಿರದಲ್ಲೇ, ವಾಹನದ ಕೆಳಗೋ ಪೊದೆಯಲ್ಲೋ ಉಸಿರು ಬಿಗಿಹಿಡಿದು ಕೂತಿರುತ್ತದೆ, ಕರೆದರೂ ಓಗೊಡುವುದಿಲ್ಲ. ಊರೆಲ್ಲ ಸದ್ದಡಗಿದ ಮೇಲೆ ಟಾರ್ಚ್ ಹಿಡಿದು ನೆಲದ ಮಟ್ಟದಲ್ಲಿ ಹುಡುಕಿ, ಕಣ್ಣು ಹೊಳೆಯುತ್ತದೆ. ಹಳೇ ಮನೆ ಹತ್ತಿರವಿದ್ದರೆ ಅಲ್ಲೂ ಹೇಳಿಡಿ. ಮೈಕ್ರೋಚಿಪ್ ಹಾಕಿಸಿದ್ದೀರೆಂದರೆ ಸಾಲದು. ಚಿಪ್‌ನಲ್ಲಿರುವುದು ಒಂದು ಸಂಖ್ಯೆ ಮಾತ್ರ, ವಿಳಾಸ ಇರುವುದು ನೋಂದಣಿಯಲ್ಲಿ, ಅಲ್ಲಿ ಇನ್ನೂ ಹಳೇ ವಿಳಾಸವೇ ಇರುತ್ತದೆ. ಹೊರಗೆ ತಿರುಗುವ ಅಭ್ಯಾಸದ ಬೆಕ್ಕನ್ನೂ ಮೊದಲ ಮೂರು ನಾಲ್ಕು ವಾರ ಒಳಗೇ ಇಡಿ.

ಹಕ್ಕಿ ಮತ್ತು ಮೀನು

ಹಕ್ಕಿ ಪುಕ್ಕ ಉದುರಿಸಿ ಕೂತಿದ್ದರೆ ಪಂಜರದ ಜಾಗ ನೋಡಿ. ಒಂದು ಬದಿ ಗೋಡೆಗೆ ತಾಗಿರಲಿ, ಅಡುಗೆಮನೆಯಲ್ಲಿ ಇರಲೇಬಾರದು. ಕಾದು ಹೊಗೆಯಾಡಿದ ನಾನ್‌ಸ್ಟಿಕ್ ಬಾಣಲೆಯ ಆವಿ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಮೀನು ಸಾಯತೊಡಗಿದರೆ ಅದು ಒತ್ತಡವಲ್ಲ, ಹೆಚ್ಚಾಗಿ ಅವುಗಳ ಹೊಲಸಿನಿಂದ ನೀರಿನಲ್ಲಿ ಸೇರುವ ಅಮೋನಿಯಾ. ಸಾಗಿಸುವಾಗ ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದು ಒಣಗಿಸಿದಿರಾ? ಹೊಲಸನ್ನು ಅರಗಿಸುತ್ತಿದ್ದ ಬ್ಯಾಕ್ಟೀರಿಯಾ ಅಲ್ಲೇ ಸತ್ತವು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಕಂಡರೆ ಊಟ ಕಡಿಮೆ ಮಾಡಿ, ಕ್ಲೋರಿನ್ ತೆಗೆದ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಬದಲಿಸಿ. ಮುಂದಿನ ಸಲ ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಮುಳುಗಿಸಿ ತನ್ನಿ.

ಎಷ್ಟು ದಿನ ಕಾಯುವುದು

ಮೂರು ದಿನಕ್ಕೆ ಉಸಿರು ಬಿಡುತ್ತದೆ, ಮೂರು ವಾರಕ್ಕೆ ದಿನಚರಿ ಹಿಡಿಯುತ್ತದೆ, ಮೂರು ತಿಂಗಳಿಗೆ ಮನೆಯದಾಗುತ್ತದೆ ಎಂಬ ಲೆಕ್ಕವನ್ನು ದತ್ತು ಕೊಡುವವರು ನಾಯಿಗಳ ಬಗ್ಗೆ ಹೇಳುತ್ತಾರೆ. ಅಳತೆಗೋಲಾಗಿ ಅದು ಸಾಕು, ಆದರೆ ನಾನು ನೋಡುವುದು ದಿನಗಳನ್ನಲ್ಲ, ದಿಕ್ಕನ್ನು. ನಿನ್ನೆಗಿಂತ ಇಂದು ಒಂದು ಕೋಣೆ ಹೆಚ್ಚು ಓಡಾಡಿದೆಯೇ, ಒಂದು ತುತ್ತು ಹೆಚ್ಚು ತಿಂದಿದೆಯೇ. ಒಂದು ವಾರ ನೋಟ್‌ಬುಕ್ಕಿನಲ್ಲಿ ಏನೂ ಅಲುಗದಿದ್ದರೆ, ಅಥವಾ ಸುಧಾರಿಸಿದ್ದು ಮತ್ತೆ ಕೆಟ್ಟರೆ, ವೈದ್ಯರ ಬಳಿ ಹೋಗಿ. ಹೋಗುವಾಗ ಆ ನೋಟ್‌ಬುಕ್ಕನ್ನೂ ಫೋನಿನಲ್ಲಿ ಹಿಡಿದ ಒಂದು ನಿಮಿಷದ ವೀಡಿಯೊವನ್ನೂ ಒಯ್ಯಿರಿ. ಪರೀಕ್ಷಾ ಮೇಜಿನ ಮೇಲೆ ಯಾವ ಬೆಕ್ಕೂ ಮನೆಯಲ್ಲಿ ಮಾಡಿದ್ದನ್ನು ಮಾಡಿ ತೋರಿಸುವುದಿಲ್ಲ.